ವಿಶ್ವವಿದ್ಯಾಲಯಗಳ ಜಾಲತಾಣ ಮತ್ತು ಕಣ್ಣಿಲ್ಲದ ಓದುಗ: ಕನ್ನಡ ವಿಭಾಗಗಳ ಹೊಣೆಗಾರಿಕೆ

1

ಕೆಲವು ಕಾಲದ ಹಿಂದೆ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬರು ತಮ್ಮ ಲ್ಯಾಪ್‌ಟಾಪನ್ನು ಹಿಡಿದುಕೊಂಡು ನನ್ನ ಕೊಠಡಿಗೆ ಬಂದರು. ಅವರಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಗಣಕದ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ ಅವರು ಓದುತ್ತಾರೆ. ಸಂಶೋಧನ ಪತ್ರಿಕೆಯೊಂದರ ಹಳೆಯ ಸಂಚಿಕೆಯನ್ನು ಜಾಲತಾಣದಿಂದ ಇಳಿಸಿಕೊಂಡು, ಅದರಲ್ಲಿದ್ದ ನನ್ನದೇ ಲೇಖನವನ್ನು ತೆರೆದು, "ಸ್ವಲ್ಪ ಕೇಳಿ, ಸರ್" ಎಂದರು. ಯಂತ್ರ ಓದತೊಡಗಿತು. 'ಪಿ', 'ಎ', 'ಪೌಂಡ್', 'ಎ', 'ಕ್ಯೂ' ಎಂದು ಇಂಗ್ಲಿಷಿನ ಅಕ್ಷರಗಳೂ ಚಿಹ್ನೆಗಳೂ ಒಂದರ ಮೇಲೊಂದು ಉದುರಿದವು. ಅದು ನಾನು ಬರೆದ ಮೊದಲ ವಾಕ್ಯ. ಅವರು ದೂರುವ ಧಾಟಿಯಲ್ಲಿ ಏನನ್ನೂ ಆಡಲಿಲ್ಲ. "ಇದರಲ್ಲಿ ಏನು ಬರೆದಿದ್ದೀರಿ ಎಂಬುದನ್ನು ತಾವೇ ಹೇಳಿಬಿಟ್ಟರೆ ಬರೆದುಕೊಳ್ಳುತ್ತೇನೆ" ಎಂದಷ್ಟೇ ಕೇಳಿದರು.

ಲೇಖನವನ್ನು ಓದಿ ಹೇಳಿದೆ, ಅವರು ಬರೆದುಕೊಂಡರು. ಆದರೆ ಹೇಳುತ್ತಿರುವಾಗಲೇ ಒಂದು ಪ್ರಶ್ನೆ ನನ್ನನ್ನು ಕಾಡತೊಡಗಿತು. ಕನ್ನಡದಲ್ಲಿ ಬರೆದು, ಕನ್ನಡದಲ್ಲಿ ಪ್ರಕಟಿಸಿ, ಲೋಕಕ್ಕೆಲ್ಲ ತೆರೆದಿಟ್ಟಿದ್ದೇವೆಂದು ನಂಬಿದ್ದ ಆ ಲೇಖನ ನಿಜವಾಗಿಯೂ ಕನ್ನಡದಲ್ಲಿತ್ತೇ? ಪ್ರಸ್ತುತ ಬರಹ ಈ ಪ್ರಶ್ನೆಯಿಂದ ಹುಟ್ಟಿದ್ದು. ವಿಶ್ವವಿದ್ಯಾಲಯಗಳ ಜಾಲತಾಣಗಳು ವಿಕಲಚೇತನರಿಗೆ ಎಟುಕುವಂತಿರಬೇಕೆಂಬ ಮಾತು ಇತ್ತೀಚೆಗೆ ಸುತ್ತೋಲೆಗಳಲ್ಲಿ ಬರುತ್ತಿದೆ. ಅದನ್ನು ಗಣಕ ವಿಭಾಗದ ಕೆಲಸವೆಂದು ನಾವು ಕನ್ನಡ ಅಧ್ಯಾಪಕರು ಪಕ್ಕಕ್ಕಿಡುತ್ತಿದ್ದೇವೆ. ಕನ್ನಡದ ಮಟ್ಟಿಗೆ ಇದು ಮೊದಲು ಪಠ್ಯದ ಪ್ರಶ್ನೆ, ಆದುದರಿಂದ ಕನ್ನಡ ವಿಭಾಗಗಳ ಪ್ರಶ್ನೆ ಎಂಬುದು ನನ್ನ ವಾದ.

2

ಆ ಯಂತ್ರ ಕನ್ನಡವನ್ನು ಏಕೆ ಓದಲಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಗಣಕವು ಅಕ್ಷರಗಳನ್ನು ಆಕಾರಗಳಾಗಿ ನೆನಪಿಡುವುದಿಲ್ಲ, ಸಂಖ್ಯೆಗಳಾಗಿ ನೆನಪಿಡುತ್ತದೆ. ಇಂತಹ ಸಂಖ್ಯೆಗೆ ಇಂತಹ ಅಕ್ಷರ ಎಂಬ ಒಪ್ಪಂದವೇ ಸಂಕೇತೀಕರಣ. 1990ರ ದಶಕದಲ್ಲಿ ಕನ್ನಡವನ್ನು ಗಣಕಕ್ಕೆ ತಂದವರ ಮುಂದೆ ಇದ್ದುದು ಇಂಗ್ಲಿಷ್ ಹಾಗೂ ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಇಕ್ಕಟ್ಟಾದ ಸಂಕೇತ ಪಟ್ಟಿ. ಅವರು ಆ ಭಾಷೆಗಳ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕು ಆಕಾರಗಳನ್ನು ಕೂರಿಸಿದರು. ಹೀಗಾಗಿ ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ 'ಕ' ಎಂಬುದು ಗಣಕದ ದೃಷ್ಟಿಯಲ್ಲಿ ಇಂಗ್ಲಿಷಿನ ದೊಡ್ಡ 'ಪಿ' ಮತ್ತು ತಲೆಯ ಮೇಲೆ ಗುರುತುಳ್ಳ 'ಎ'. 'ನ' ಎಂಬುದು ಬ್ರಿಟಿಷ್ ನಾಣ್ಯದ ಪೌಂಡ್ ಚಿಹ್ನೆ ಮತ್ತು ಅದೇ 'ಎ'. ಫಾಂಟ್ ಎಂಬ ಮುಖವಾಡವಿರುವವರೆಗೆ ಕಣ್ಣಿಗೆ ಕನ್ನಡ ಕಾಣುತ್ತದೆ. ಮುಖವಾಡವನ್ನು ಕಾಣಲಾರದ ಸ್ಕ್ರೀನ್ ರೀಡರ್ ಒಳಗಿರುವುದನ್ನು ಇರುವಂತೆಯೇ ಓದುತ್ತದೆ. ಆ ದಿನ ಯಂತ್ರ ತಪ್ಪಾಗಿ ಓದಲಿಲ್ಲ. ನನ್ನ ಲೇಖನದಲ್ಲಿ ನಿಜಕ್ಕೂ ಇದ್ದುದನ್ನೇ ಓದಿತು.

ಈ ಮಾತಿನಿಂದ ಬರಹ, ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಕೊಡುಗೆಯನ್ನು ಅಲ್ಲಗಳೆಯುವ ಉದ್ದೇಶ ನನ್ನದಲ್ಲ. ಅವು ಇಲ್ಲದಿದ್ದರೆ ಕನ್ನಡದ ಅಚ್ಚು ಮತ್ತು ಆಡಳಿತ ಗಣಕವನ್ನು ಪ್ರವೇಶಿಸಲು ಇನ್ನಷ್ಟು ವರ್ಷ ಬೇಕಾಗುತ್ತಿತ್ತು. ಆದರೆ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿತ್ತು. 2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆ ಅವಕಾಶವಿತ್ತು. ನುಡಿ ಮತ್ತು ಬರಹಗಳಲ್ಲಿಯೂ ಯೂನಿಕೋಡಿನಲ್ಲಿ ಬರೆಯುವ ಸೌಲಭ್ಯ ಬಂದು ಬಹಳ ವರ್ಷಗಳಾದವು. ಆದರೂ ವಿಭಾಗದ ಬೆರಳಚ್ಚುಗಾರರಿಂದ ಹಿಡಿದು ಮುದ್ರಕರವರೆಗೆ ಹಳೆಯ ಫಾಂಟಿನ ರೂಢಿ ಉಳಿದುಕೊಂಡಿದೆ. ಅಚ್ಚಿನ ಮನೆಗೆ ಹೋದ ಕಡತವೇ ಪಿಡಿಎಫ್ ಆಗಿ ಜಾಲತಾಣಕ್ಕೂ ಏರುತ್ತದೆ. ಪಠ್ಯಕ್ರಮ, ಪ್ರಕಟಣೆ, ಪ್ರಬಂಧಗಳ ಸಾರಲೇಖ ಎಲ್ಲವೂ ಇದೇ ಹಾದಿ ಹಿಡಿಯುತ್ತವೆ. ಇನ್ನು ಸಹಿ ಮೊಹರುಗಳೊಂದಿಗೆ ಸ್ಕ್ಯಾನ್ ಮಾಡಿ ಏರಿಸಿದ ಸುತ್ತೋಲೆಗಳಲ್ಲಿ ಅಕ್ಷರವೇ ಇರುವುದಿಲ್ಲ, ಅವು ಬರಿಯ ಚಿತ್ರಗಳು. ಅಂತಹ ಪುಟದ ಎದುರು ಸ್ಕ್ರೀನ್ ರೀಡರ್ ಮೌನವಾಗುತ್ತದೆ.

ಉಪಕರಣಗಳ ಕೊರತೆ ಇಂದು ದೊಡ್ಡ ಅಡ್ಡಿಯಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ತರುಣ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ದೊರೆಯುತ್ತದೆ. ಅದರೊಂದಿಗೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ಇದೆ. ವಿದ್ಯಾರ್ಥಿ ತನ್ನ ಕಡೆಯಿಂದ ಮಾಡಬಹುದಾದುದನ್ನು ಮಾಡಿಕೊಂಡು ಬಂದಿದ್ದಾನೆ. ಸಂಸ್ಥೆಯ ಪುಟ ಅವನೊಡನೆ ಮಾತನಾಡಲು ಒಪ್ಪುತ್ತಿಲ್ಲ.

3

ಇದು ಅನುಕಂಪದ ಮಾತಲ್ಲ, ಕಾನೂನಿನ ಮಾತು. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ರೂಪುಗೊಂಡ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 1995ರ ಕಾಯಿದೆಯ ಸ್ಥಾನದಲ್ಲಿ ಬಂದು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಹಳೆಯ ಕಾಯಿದೆ ಹೆಸರಿಸಿದ್ದ 7 ಬಗೆಯ ವೈಕಲ್ಯಗಳು ಹೊಸದರಲ್ಲಿ 21 ಆದವು. ಅದರ 32ನೆಯ ಪ್ರಕರಣ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಕಾದಿರಿಸುತ್ತದೆ. 42ನೆಯ ಪ್ರಕರಣ ವಿದ್ಯುನ್ಮಾನ ಮಾಧ್ಯಮದ ವಿಷಯಗಳೆಲ್ಲ ಎಟುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಈ ಕುರಿತ ಮಾರ್ಗಸೂಚಿಯನ್ನು ಹೊರತಂದಿದೆ.

ಮಾರ್ಗಸೂಚಿಯೆಂದರೆ ಇಷ್ಟವಿದ್ದರೆ ಪಾಲಿಸಬಹುದಾದ ಸಲಹೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದೇ ಭಾವನೆಯನ್ನು ತಿದ್ದಿತು. 2017ರ ನಿಯಮಾವಳಿಯ 15(1)ನೆಯ ನಿಯಮ ಮಾನದಂಡಗಳನ್ನು ಬರಿಯ ಶಿಫಾರಸುಗಳಾಗಿ ಇಳಿಸಿರುವುದರಿಂದ ಅದು ಮೂಲ ಅಧಿನಿಯಮದ ಆಶಯಕ್ಕೆ ವಿರುದ್ಧವೆಂದು ಹೇಳಿ, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರ ಮತ್ತೊಂದು ತೀರ್ಪಿನಲ್ಲಿ, ಅಂಕೀಯ ಸೇವೆಗಳನ್ನು ಪಡೆಯುವ ಅವಕಾಶ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು.

ಸ್ಥಾನವನ್ನು ಕಾದಿರಿಸಿ, ಶುಲ್ಕ ಪಡೆದು, ಪ್ರವೇಶ ಕೊಟ್ಟ ಮೇಲೆ ಪಠ್ಯಕ್ರಮದ ಪುಟವನ್ನೇ ಓದಲಾಗದಂತೆ ಇಡುವುದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವ ಕ್ರಮ. ಕಟ್ಟಡದ ಬಾಗಿಲಿಗೆ ಇಳಿಜಾರು ಹಾಕಿಸಿದ್ದೇವೆಂದು ತೃಪ್ತರಾಗುವ ಸಂಸ್ಥೆಗಳು, ಇಂದು ವಿದ್ಯಾರ್ಥಿ ಮೊದಲು ತುಳಿಯುವ ಹೊಸ್ತಿಲು ಜಾಲತಾಣವೆಂಬುದನ್ನು ಮನಗಾಣಬೇಕಾಗಿದೆ.

4

ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಜಾಲ ಮಾನದಂಡಗಳು 1999ರಿಂದ ಇವೆ. 2008ರ ಎರಡನೆಯ ಆವೃತ್ತಿ ನಾಲ್ಕು ತತ್ತ್ವಗಳನ್ನು ಮುಂದಿಟ್ಟಿತು. ವಿಷಯವು ಯಾವುದಾದರೊಂದು ಇಂದ್ರಿಯಕ್ಕೆ ಗೋಚರವಾಗಬೇಕು; ಕೀಲಿಮಣೆಯಿಂದಲೂ ನಡೆಸಲು ಬರಬೇಕು; ಅರ್ಥವಾಗುವಂತಿರಬೇಕು; ಬೇರೆ ಬೇರೆ ಉಪಕರಣಗಳಲ್ಲಿ ಕೆಡದೆ ನಿಲ್ಲಬೇಕು. 2018 ಮತ್ತು 2023ರ ಪರಿಷ್ಕರಣೆಗಳಲ್ಲಿಯೂ ಈ ನಾಲ್ಕು ಉಳಿದಿವೆ. ಇವುಗಳ ಪ್ರಯೋಜನ ದೃಷ್ಟಿಯಿಲ್ಲದವರಿಗೆ ಮಾತ್ರ ಮೀಸಲಲ್ಲ. ಕೈ ನಡುಗುವವರಿಗೆ ಮೌಸ್ ಹಿಡಿಯಲಾಗದು, ಅವರಿಗೆ ಕೀಲಿಮಣೆಯ ದಾರಿ ಬೇಕು. ಕಿವಿ ಕೇಳದವರಿಗೆ ಉಪನ್ಯಾಸದ ದೃಶ್ಯ ಮುದ್ರಿಕೆಯ ಕೆಳಗೆ ಬರಹ ಬೇಕು. ಮಂದದೃಷ್ಟಿಯವರಿಗೆ ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ಬಣ್ಣದ ಅಂತರ ಬೇಕು. ಮಧ್ಯಮ ಮಟ್ಟದ ಮಾನದಂಡ ಇದನ್ನು ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5ಕ್ಕೆ 1 ಎಂಬ ಪ್ರಮಾಣದಲ್ಲಿ ನಿಗದಿಪಡಿಸಿದೆ. ಜಾಲತಾಣದ ನೆತ್ತಿಯಲ್ಲಿ ಓಡುತ್ತಲೇ ಇರುವ ಪ್ರಕಟಣೆ, ಅರ್ಜಿಯ ಕೊನೆಯಲ್ಲಿ ಸೊಟ್ಟ ಅಕ್ಷರಗಳನ್ನು ಗುರುತಿಸಿರೆಂದು ಕೇಳುವ ಚಿತ್ರ, ಇವೆಲ್ಲ ಕೆಲವರ ಪಾಲಿಗೆ ಮುಚ್ಚಿದ ಬಾಗಿಲುಗಳು.

ಈ ಕೆಲಸಗಳಲ್ಲಿ ಹಲವನ್ನು ತಂತ್ರಜ್ಞರೇ ಮಾಡಬೇಕು ಎಂಬುದು ನಿಜ. ಆದರೆ ಪಠ್ಯದ ವಿಷಯಕ್ಕೆ ಬಂದಾಗ ತಂತ್ರಜ್ಞನ ಅರಿವು ನಿಲ್ಲುವ ಜಾಗದಲ್ಲಿ ನಮ್ಮ ಕೆಲಸ ಆರಂಭವಾಗುತ್ತದೆ. ಒಂದೆರಡು ನಿದರ್ಶನಗಳನ್ನು ನೋಡಬಹುದು.

ಮಾನದಂಡದ ಪ್ರಕಾರ ಪುಟದಲ್ಲಿರುವ ಪ್ರತಿಯೊಂದು ಅರ್ಥಪೂರ್ಣ ಚಿತ್ರಕ್ಕೂ ಅದರ ಬದಲಿಗೆ ಓದಬಹುದಾದ ವಿವರಣೆಯಿರಬೇಕು. ಹಲ್ಮಿಡಿ ಶಾಸನದ ಛಾಯಾಚಿತ್ರವನ್ನು ವಿಭಾಗದ ಪುಟದಲ್ಲಿ ಹಾಕಿದರೆ ತಂತ್ರಜ್ಞ 'ಕಲ್ಲಿನ ಚಿತ್ರ' ಎಂದು ಬರೆದು ಮುಗಿಸಬಹುದು. ಅದರಿಂದ ಯಾರಿಗೂ ಉಪಕಾರವಿಲ್ಲ. ಶಾಸನದ ಪಾಠ, ಸಾಲುಗಳ ವಿಂಗಡಣೆ, ಲಿಪಿಯ ಸ್ವರೂಪ, ಮೇಲ್ಭಾಗದ ಚಕ್ರದ ಕೆತ್ತನೆ ಇವುಗಳಲ್ಲಿ ಯಾವುದು ಆ ಸಂದರ್ಭಕ್ಕೆ ಅಗತ್ಯವೆಂದು ನಿರ್ಣಯಿಸಬಲ್ಲವನು ಶಾಸನದ ವಿದ್ಯಾರ್ಥಿ. ಚಿತ್ರದ ವಿವರಣೆ ಎಂಬುದು ಇಲ್ಲಿ ಒಂದು ಕಿರು ಶಾಸನ ಸಂಪಾದನೆಯೇ ಆಗುತ್ತದೆ.

ಇನ್ನೊಂದು ನಿದರ್ಶನ ಹಳಗನ್ನಡದ್ದು. ಱ ಮತ್ತು ೞ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ೞ ಅಕ್ಷರಕ್ಕೆ ಅಲ್ಲಿ 'ಫ' ಎಂದು ಅರ್ಥ ಬರುವ ಹೆಸರು ಬಿದ್ದಿದೆ. ಅದು ತಪ್ಪೆಂದು ಯೂನಿಕೋಡಿನವರೇ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹಾಗೆಯೇ ಉಳಿದಿದೆ. ಪಂಪಭಾರತವನ್ನು ಕಿವಿಯಿಂದ ಓದುವ ವಿದ್ಯಾರ್ಥಿಗೆ ಈ ಅಕ್ಷರವನ್ನು ಯಂತ್ರ ಹೇಗೆ ಉಚ್ಚರಿಸಬೇಕು, ಳಕಾರದಿಂದ ಅದನ್ನು ಹೇಗೆ ಬೇರ್ಪಡಿಸಬೇಕು ಎಂಬುದನ್ನು ಹೇಳಬೇಕಾದವರು ಭಾಷಾವಿಜ್ಞಾನ ಮತ್ತು ಛಂದಸ್ಸನ್ನು ಬಲ್ಲವರು. ನಾವು ಸುಮ್ಮನಿದ್ದರೆ ಆ ತೀರ್ಮಾನವನ್ನು ಕನ್ನಡದ ಚರಿತ್ರೆಯನ್ನರಿಯದ ಯಾರೋ ತೆಗೆದುಕೊಳ್ಳುತ್ತಾರೆ.

ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವೂ ಇಂಥದೇ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಅವುಗಳಿಂದ ಬಂದ ಪಠ್ಯದಲ್ಲಿ ಅರ್ಕಾವೊತ್ತು ಜಾಗ ತಪ್ಪುವುದುಂಟು, ಒತ್ತಕ್ಷರ ಕಳಚುವುದುಂಟು, ನಡುವೆ ಬಂದ ಇಂಗ್ಲಿಷ್ ಪದ ವಿಚಿತ್ರ ಕನ್ನಡವಾಗಿ ಮಾರ್ಪಡುವುದುಂಟು. ಓಲೆಗರಿಯ ಪ್ರತಿಕಾರನ ಕೈತಪ್ಪುಗಳನ್ನು ಗುರುತಿಸಿ ಶುದ್ಧಪಾಠವನ್ನು ನಿರ್ಣಯಿಸುವ ವಿದ್ಯೆಯನ್ನು ಡಿ.ಎಲ್. ನರಸಿಂಹಾಚಾರ್ಯರಂತಹವರು ನಮಗೆ ಶಾಸ್ತ್ರವಾಗಿ ಕಲಿಸಿಕೊಟ್ಟಿದ್ದಾರೆ. ಯಂತ್ರವೂ ಒಬ್ಬ ಪ್ರತಿಕಾರನೇ. ಅವನ ತಪ್ಪುಗಳಿಗೂ ಒಂದು ಕ್ರಮವಿದೆ. ಅದನ್ನು ಹಿಡಿಯುವ ತರಬೇತಿ ಕನ್ನಡ ವಿಭಾಗಕ್ಕಲ್ಲದೆ ಬೇರಾರಿಗಿದೆ?

5

ಈ ವಿಚಾರವನ್ನು ಸಹೋದ್ಯೋಗಿಗಳ ಮುಂದಿಟ್ಟಾಗ ಕೆಲವು ಆಕ್ಷೇಪಗಳು ಬರುತ್ತವೆ. ಅವು ಹುರುಳಿಲ್ಲದವಲ್ಲ, ಆದ್ದರಿಂದ ಉತ್ತರಿಸುವುದು ಅಗತ್ಯ.

ಮೊದಲನೆಯದು ಸಂಖ್ಯೆಯ ಆಕ್ಷೇಪ. ವಿಭಾಗದಲ್ಲಿ ಅಂಥವರು ಒಬ್ಬರೋ ಇಬ್ಬರೋ ಇರುತ್ತಾರೆ, ಅವರಿಗಾಗಿ ಇಷ್ಟೆಲ್ಲ ಏಕೆ ಎಂಬುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ ಸುಮಾರು 13.24 ಲಕ್ಷ. ಅವರಲ್ಲಿ ನಮ್ಮ ತರಗತಿಗಳನ್ನು ತಲುಪುವವರು ಇಷ್ಟು ಕಡಿಮೆಯಿರುವುದು ಪುಟಗಳನ್ನು ಮುಚ್ಚಿಡಲು ಸಮರ್ಥನೆಯಾಗದು. ಮುಚ್ಚಿದ ಬಾಗಿಲುಗಳ ಪರಿಣಾಮವನ್ನೇ ಬಾಗಿಲು ತೆರೆಯದಿರಲು ಕಾರಣವಾಗಿ ಹೇಳಿದಂತಾಗುತ್ತದೆ. ಮೇಲಾಗಿ, ಕಣ್ಣಿಲ್ಲದವರು ಓದಲಾರದ ಕಡತವನ್ನು ಶೋಧಕ ಯಂತ್ರವೂ ಓದಲಾರದು. ಹಳೆಯ ಫಾಂಟಿನಲ್ಲಿರುವ ಪ್ರಬಂಧದೊಳಗೆ 'ಜನ್ನ' ಎಂದು ಹುಡುಕಿದರೆ ಜನ್ನ ಸಿಗುವುದಿಲ್ಲ. ಶೋಧಗಂಗಾ ಭಂಡಾರದಲ್ಲಿ ಹಳೆಯ ಫಾಂಟಿನಲ್ಲಿಯೋ ಚಿತ್ರರೂಪದಲ್ಲಿಯೋ ಇರುವ ಕನ್ನಡ ಮಹಾಪ್ರಬಂಧಗಳ ಒಳಪಠ್ಯ ಹುಡುಕಾಟಕ್ಕೆ ದಕ್ಕದಿರುವುದಕ್ಕೆ ಇದೇ ಕಾರಣ. ಯೂನಿಕೋಡಿನಲ್ಲಿ ಸಿದ್ಧವಾದ ವಚನ ಸಂಚಯದಲ್ಲಿ ಒಂದು ಪದವನ್ನು ಹುಡುಕಿ ಅದರ ಪ್ರಯೋಗಗಳನ್ನು ಕಂಡವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ. ಒಬ್ಬ ವಿದ್ಯಾರ್ಥಿಗಾಗಿ ಮಾಡಿದ ಕೆಲಸ ಇಡೀ ಸಂಶೋಧನ ಲೋಕಕ್ಕೆ ಒದಗುತ್ತದೆ.

ಎರಡನೆಯದು, ಓದಿ ಹೇಳುವವರು ಇದ್ದಾರಲ್ಲ ಎಂಬ ಮಾತು. ಇದು ನಮ್ಮ ಪರಂಪರೆಯೊಂದಿಗೂ ಹೊಂದುವಂತೆ ತೋರುತ್ತದೆ. ಕನ್ನಡಕಾವ್ಯ ಬಹುಕಾಲ ಕಿವಿಯ ಮೂಲಕವೇ ಬದುಕಿತು. ಕುಮಾರವ್ಯಾಸ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿ ಬಲ್ಲವರ ಸಂಖ್ಯೆ ಓದಿ ಬಲ್ಲವರಿಗಿಂತ ದೊಡ್ಡದಿತ್ತು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಗದುಗಿನ ಪುಟ್ಟರಾಜ ಗವಾಯಿಗಳು ಸಂಗೀತಗಾರರಾಗಿದ್ದುದರ ಜೊತೆಗೆ ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಕಿವಿಯ ಓದನ್ನು ಕೀಳೆಂದು ಭಾವಿಸುವ ಕಾರಣ ನಮಗಿಲ್ಲ. ಆದರೆ ಕೇಳುಗನಿಗೂ ಸಂಶೋಧಕನಿಗೂ ಒಂದು ವ್ಯತ್ಯಾಸವಿದೆ. ಕೇಳುಗನಿಗೆ ಯಾವ ಪದ್ಯ, ಯಾವ ಸಂಧಿ ಎಂಬುದನ್ನು ಗಮಕಿ ಆರಿಸುತ್ತಾನೆ. ಸಂಶೋಧಕ ತಾನೇ ಆರಿಸಬೇಕು. ಹಿಂದಕ್ಕೆ ಹೋಗಬೇಕು, ಅಡಿಟಿಪ್ಪಣಿಗೆ ಇಳಿಯಬೇಕು, ಒಂದು ಪದದ ಬಳಿ ಹತ್ತು ಬಾರಿ ನಿಲ್ಲಬೇಕು, ಬೇಡವಾದುದನ್ನು ಅರ್ಧಕ್ಕೇ ಬಿಡಬೇಕು. ಓದಿ ಹೇಳುವ ಗೆಳೆಯನ ಸೌಜನ್ಯದ ಮೇಲೆ ಈ ಸ್ವಾತಂತ್ರ್ಯವನ್ನು ನಿಲ್ಲಿಸಲಾಗದು. ಅಂದು ನಾನು ನನ್ನ ಲೇಖನವನ್ನು ಓದಿ ಹೇಳುವಾಗ ದುರ್ಬಲವೆನಿಸಿದ ಒಂದು ಭಾಗವನ್ನು ಅರಿವಿಲ್ಲದೆಯೇ ಸಂಕ್ಷೇಪಿಸಿದೆ. ಆ ವಿದ್ಯಾರ್ಥಿ ಅದನ್ನು ವಿಮರ್ಶಿಸುವ ಅವಕಾಶವನ್ನು ಕಳೆದುಕೊಂಡರು.

ಮೂರನೆಯದು ಹಕ್ಕುಸ್ವಾಮ್ಯದ ಭಯ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯಿದೆಯು ವಿಕಲಚೇತನರ ಬಳಕೆಗಾಗಿ ಕೃತಿಯನ್ನು ಎಟುಕುವ ರೂಪಕ್ಕೆ ತರುವುದಕ್ಕೆ, ಲಾಭದ ಉದ್ದೇಶವಿಲ್ಲದಿದ್ದಲ್ಲಿ, ಅವಕಾಶ ನೀಡಿದೆ. ಇದೇ ಆಶಯದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ವಿಭಾಗವೇ ಪ್ರಕಟಿಸಿದ ಪತ್ರಿಕೆ ಮತ್ತು ಪಠ್ಯಕ್ರಮದ ವಿಷಯದಲ್ಲಂತೂ ಈ ಆತಂಕಕ್ಕೆ ಎಡೆಯೇ ಇಲ್ಲ.

ನಾಲ್ಕನೆಯ ಅಪಾಯ ಆಕ್ಷೇಪದ ರೂಪದಲ್ಲಿ ಬರುವುದಿಲ್ಲ, ಆದೇಶ ಬಂದ ಮೇಲೆ ತಲೆದೋರುತ್ತದೆ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸಾರ್ವಜನಿಕರಿಗೆ ತೆರೆದಿಟ್ಟಿದ್ದ ಉಪನ್ಯಾಸಗಳು ಕಿವುಡರಿಗೆ ಎಟುಕುವುದಿಲ್ಲವೆಂದು 2016ರಲ್ಲಿ ಅಲ್ಲಿನ ನ್ಯಾಯ ಇಲಾಖೆ ತಿಳಿಸಿತು. ವಿಶ್ವವಿದ್ಯಾಲಯ 2017ರಲ್ಲಿ 20,000ಕ್ಕೂ ಹೆಚ್ಚು ಧ್ವನಿ ಹಾಗೂ ದೃಶ್ಯ ಮುದ್ರಿಕೆಗಳನ್ನು ಸಾರ್ವಜನಿಕರ ಬಳಕೆಯಿಂದ ಹಿಂತೆಗೆದುಕೊಂಡಿತು. ಸರಿಪಡಿಸುವುದಕ್ಕಿಂತ ತೆಗೆದುಹಾಕುವುದು ಅಗ್ಗ ಎಂಬ ತರ್ಕ ನಮ್ಮಲ್ಲಿಯೂ ಸುಲಭವಾಗಿ ಬೇರೂರಬಲ್ಲದು. ಆದೇಶದ ಒತ್ತಡಕ್ಕೆ ಕಾಯದೆ ಈಗಲೇ ಸ್ವಲ್ಪ ಸ್ವಲ್ಪವಾಗಿ ಆರಂಭಿಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

6

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಅನುದಾನಕ್ಕೆ ಕಾಯದೆ ವಿಭಾಗದ ಮಟ್ಟದಲ್ಲಿಯೇ ಆಗಬಹುದಾದ ಕೆಲವನ್ನು ಮಾತ್ರ ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದಾಗಿ, ಇಂದಿನಿಂದ ಸಿದ್ಧವಾಗುವ ಪ್ರತಿಯೊಂದು ಬರಹವೂ ಯೂನಿಕೋಡಿನಲ್ಲಿರಬೇಕು. ಪತ್ರಿಕೆಗೆ ಲೇಖನ ಕಳುಹಿಸುವವರಿಗೆ, ಪ್ರಬಂಧ ಸಲ್ಲಿಸುವವರಿಗೆ ಇದನ್ನು ನಿಯಮವನ್ನಾಗಿ ಮಾಡಬೇಕು. ಅಚ್ಚಿಗೆ ಬೇರೆ ಫಾಂಟ್ ಬೇಕೆಂದು ಮುದ್ರಕರು ಹೇಳಿದರೆ ಯೂನಿಕೋಡ್ ಪ್ರತಿಯನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು. ಎರಡನೆಯದಾಗಿ, ಪಿಡಿಎಫ್ ಒಂದನ್ನೇ ನಂಬಬಾರದು. ಯೂನಿಕೋಡಿನಿಂದ ತಯಾರಾದ ಪಿಡಿಎಫ್‌ನಲ್ಲಿಯೂ ಒತ್ತಕ್ಷರಗಳ ಕ್ರಮ ಕೆಡುವ ಸಂಭವವಿರುವುದರಿಂದ ಅದೇ ವಿಷಯವನ್ನು ಸಾಮಾನ್ಯ ಜಾಲಪುಟವಾಗಿಯೂ ಇಡಬೇಕು. ಪುಟದ ಭಾಷೆ ಕನ್ನಡವೆಂಬ ಸೂಚನೆಯನ್ನು ಅದರ ಒಳಸಂಕೇತದಲ್ಲಿ ಸೇರಿಸಬೇಕು. ಆಗ ಸ್ಕ್ರೀನ್ ರೀಡರ್ ಕನ್ನಡದ ಧ್ವನಿಗೆ ತಾನಾಗಿಯೇ ಹೊರಳಬಲ್ಲದು. ತಲೆಬರಹವನ್ನು ಕೇವಲ ದಪ್ಪಕ್ಷರ ಮಾಡದೆ ತಲೆಬರಹವೆಂದೇ ಗುರುತಿಸಿದರೆ ಓದುಗ ಅಧ್ಯಾಯದಿಂದ ಅಧ್ಯಾಯಕ್ಕೆ ನೆಗೆಯಬಹುದು.

ಮೂರನೆಯದಾಗಿ, ಹಳೆಯ ಸಂಚಿಕೆಗಳ ಪರಿವರ್ತನೆಯನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಗ್ರಂಥಸಂಪಾದನೆಯ ಪ್ರಾಯೋಗಿಕ ಕೆಲಸವಾಗಿ ಅಂಕಗಳೊಂದಿಗೆ ಅಳವಡಿಸಬಹುದು. ಚಿತ್ರರೂಪದ ಪುಟಗಳಿಗೆ ಕನ್ನಡವನ್ನು ಗುರುತಿಸಬಲ್ಲ ಟೆಸರಾಕ್ಟ್‌ನಂತಹ ಮುಕ್ತ ತಂತ್ರಾಂಶಗಳಿವೆ. ಅವು ಕೊಟ್ಟ ಪಾಠವನ್ನು ಮೂಲದೊಂದಿಗೆ ತಾಳೆನೋಡಿ ತಿದ್ದುವುದೇ ಒಂದು ಪಾಠವಾಗುತ್ತದೆ. ನಾಲ್ಕನೆಯದಾಗಿ, ಪುಟ ಸಿದ್ಧವಾದ ಮೇಲೆ ಸ್ಕ್ರೀನ್ ರೀಡರ್ ಬಳಸುವವರಿಂದಲೇ ಪರೀಕ್ಷೆ ಮಾಡಿಸಬೇಕು ಮತ್ತು ಆ ಕೆಲಸಕ್ಕೆ ಗೌರವಧನ ಕೊಡಬೇಕು. ಅದು ಪರಿಣತರ ಕೆಲಸ. ಅದನ್ನು ಉಪಕಾರವಾಗಿ ಕೇಳಬಾರದು. ಕೊನೆಯದಾಗಿ, ಪುಟ ಓದಲು ಬಾರದಿದ್ದರೆ ಯಾರಿಗೆ ತಿಳಿಸಬೇಕೆಂಬ ವಿವರ ಅದೇ ಪುಟದಲ್ಲಿರಬೇಕು. ಆ ವಿವರವೂ ಚಿತ್ರವಾಗಿರಬಾರದು.

ಇವುಗಳಲ್ಲಿ ಯಾವುದೂ ಕನ್ನಡ ಅಧ್ಯಾಪಕನ ಶಕ್ತಿಗೆ ಮೀರಿದ್ದಲ್ಲ. ಮೀರಿದ್ದೆಂದು ನಾವು ಭಾವಿಸಿರುವುದೇ ತೊಡಕು.

7

ಕನ್ನಡ ಉಳಿಯಬೇಕು, ಬೆಳೆಯಬೇಕು ಎಂಬ ಮಾತನ್ನು ನಾವು ವೇದಿಕೆಗಳಲ್ಲಿ ನಿರಂತರವಾಗಿ ಆಡುತ್ತಿದ್ದೇವೆ. ಕನ್ನಡವನ್ನೇ ಆರಿಸಿಕೊಂಡು ಓದಲು ಬಂದ ವಿದ್ಯಾರ್ಥಿಯೊಬ್ಬ ಇಂಗ್ಲಿಷಿನ ಪುಟಗಳನ್ನು ಸರಾಗವಾಗಿ ಓದಬಲ್ಲ, ಕನ್ನಡದ ಪುಟಗಳನ್ನು ಮಾತ್ರ ಓದಲಾರ ಎಂಬ ಸ್ಥಿತಿ ಇರುವಾಗ ಆ ಮಾತಿಗೆ ಏನರ್ಥ? ಅವನನ್ನು ಇಂಗ್ಲಿಷಿನ ಕಡೆಗೆ ತಳ್ಳುತ್ತಿರುವವರು ಹೊರಗಿನ ಯಾರೂ ಅಲ್ಲ. ಅವನು ಆರಿಸಿಕೊಂಡ ಕನ್ನಡ ವಿಭಾಗವೇ ಆ ಕೆಲಸ ಮಾಡುತ್ತಿದೆ.

ಆ ಹಳೆಯ ಲೇಖನವನ್ನು ನಾನು ಯೂನಿಕೋಡಿಗೆ ತಂದು, ಅರ್ಕಾವೊತ್ತುಗಳನ್ನೂ ಅಡಿಟಿಪ್ಪಣಿಗಳನ್ನೂ ಸರಿಪಡಿಸಿ ಅವರಿಗೆ ಕಳುಹಿಸಿದೆ. ಅದಕ್ಕೆ ಹಿಡಿದದ್ದು ಎರಡು ಸಂಜೆಗಳ ಕೆಲಸ. ಕೆಲವು ದಿನಗಳ ನಂತರ ಅವರಿಂದ ಒಂದು ಪತ್ರ ಬಂದಿತು. ನಾನು ಓದಿ ಹೇಳುವಾಗ ಸಂಕ್ಷೇಪಿಸಿದ್ದ ಭಾಗದಲ್ಲಿ ಒಂದು ಕಾಲನಿರ್ಣಯ ತಪ್ಪಾಗಿದೆಯೆಂದು ಆಧಾರಸಹಿತವಾಗಿ ತೋರಿಸಿದ್ದರು. ಅವರ ಮಾತು ಸರಿಯಾಗಿತ್ತು. ಆ ಲೇಖನ ಪ್ರಕಟವಾಗಿ ಹಲವು ವರ್ಷಗಳಾಗಿದ್ದವು, ಕಣ್ಣಿದ್ದವರು ಯಾರೂ ಅದನ್ನು ಗಮನಿಸಿರಲಿಲ್ಲ.